ಮೇಷ್ಟ್ರ ಟೆಪಿಡ್ ನೀರು

ಪ್ರಪಂಚದ ದುಃಖಗಳಿಗೆಲ್ಲ ಅರೆಮನಸ್ಸೇ ಮೂಲ ಎಂಬುದು ನನ್ನ ಘನವಾದ ಅಭಿಪ್ರಾಯ. ಅದು ಹೊಳೆದದ್ದು ಇವತ್ತು ಬೆಳಿಗ್ಗೆ ಬಚ್ಚಲಲ್ಲಿ, ಟವೆಲ್ ಸುತ್ತಿಕೊಂಡು ನಿಂತಾಗ. ಮೋಡದ ದೆಸೆಯಿಂದ ಸೋಲಾರ್ ನೀರು ಬಿಸಿಯೂ ಇರಲಿಲ್ಲ, ತಣ್ಣಗೂ ಇರಲಿಲ್ಲ. ಬಕೆಟ್ಟಿಗೆ ಬೆರಳು ಅದ್ದಿದ ಕೂಡಲೇ "ಟೆಪಿಡ್" ಎಂಬ ಪದ ಬಾಯಿಗೆ ಬಂತು. ಅದರ ಹಿಂದೆಯೇ ಮೇಷ್ಟ್ರು...

ಹೊಸದುರ್ಗದಲ್ಲಿ ನಮ್ಮ ಪಕ್ಕದ ಮನೆ ಅವರದು. ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು. ಉಗುರುಬೆಚ್ಚಗಿನದು ಎಂದು ಅರ್ಥ ಬರೆಸಿ ಮುಗಿಸುವವರ ಪೈಕಿ ಅಲ್ಲ. ಹೆಪ್ಪು ಹಾಕುವ ಹಾಲಿಗೆ ಅದೇ ಸರಿಯಾದ ಹದ, ಅದಕ್ಕೆ ಈ ಪದ ಹಚ್ಚಬಾರದು. ಬಿಸಿ ಇರಬೇಕಾದದ್ದು ಬಿಸಿ ಇಲ್ಲದಿದ್ದರೆ ಮಾತ್ರ ಟೆಪಿಡ್ ಅನ್ನಬೇಕು ಎಂದು ತೀರ್ಪು ಕೊಟ್ಟಿದ್ದರು. ಚಹಾಕ್ಕೂ ಬೀಗರ ಉಪಚಾರಕ್ಕೂ ಅದನ್ನೇ ಬಳಸುತ್ತಿದ್ದರು. ನಿವೃತ್ತಿಯ ದಿನ ತಮಗೆ ಬಿದ್ದ ಚಪ್ಪಾಳೆಯನ್ನೂ ಆ ಒಂದು ಪದದಲ್ಲೇ ವಿಲೇವಾರಿ ಮಾಡಿದರು.

ಅವರ ಸಕ್ಕರೆ ಕಾಯಿಲೆ ಹಳೆಯದು. ಪಾದ ಸದಾ ಜೋಮು ಹಿಡಿದಂತಿರುತ್ತದೆ ಎನ್ನುತ್ತಿದ್ದರು. ಒಂದು ಚಪ್ಪಲಿ ಜಾರಿದ್ದು ತಿಳಿಯದೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದದ್ದನ್ನು ತಾವೇ ಹೇಳಿಕೊಂಡಿದ್ದರು. ನಾವೆಲ್ಲ ನಕ್ಕಿದ್ದೆವು.

ಒಂದು ಸಂಜೆ ಪೇಪರ್ ವಾಪಸು ಕೊಡಲು ಹೋದೆ. ಜಗಲಿಯ ಮೇಲೆ ಕೂತು ಎರಡೂ ಕಾಲನ್ನು ಟಬ್ಬಿನಲ್ಲಿ ಇಳಿಬಿಟ್ಟಿದ್ದರು.

"ಬಾರಪ್ಪ, ಕುಂತ್ಕ. ಬಿಸಿನೀರು ಕೇಳಿದ್ರೆ ನಮ್ಮನೇಲಿ ಏನ್ ಕೊಟ್ಟಾರೆ ನೋಡು. ಟೆಪಿಡ್."

ನಾನಿನ್ನೂ ಚಪ್ಪಲಿ ಬಿಡುತ್ತಿದ್ದೆ. ತಣ್ಣೀರಿನ ಕೊಡ ಹಿಡಿದು ಒಳಗಿನಿಂದ ಬಂದ ಅವರ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು.

"ಕಾಲು ತೆಗೀರಿ. ಒಲೆ ಮ್ಯಾಲಿಂದ ಈಗ ಇಳಿಸಿದ್ದು ಅದು. ತಣ್ಣೀರು ಬೆರೆಸೇ ಇಲ್ಲ."

ಇಬ್ಬರೂ ಸೇರಿ ಕಾಲು ಎತ್ತಿದೆವು. ನೀರು ತಗುಲಿ ನನ್ನ ಕೈ ಚುರ್ ಎಂದಿತು. ಪಾದದ ಚರ್ಮ... ಅದನ್ನು ಬರೆಯುವುದು ಬೇಡ. ಮೇಷ್ಟ್ರು ಕಾಲಿನ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದರು.

"ಯಾಕಪ್ಪ, ಏನಾತು?"

ಗಾಯ ಮಾಯಲಿಲ್ಲ. ದಾವಣಗೆರೆಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಎಡಗಾಲಾದರೂ ಉಳಿದೀತು ಎಂಬ ಆಸೆಯಲ್ಲಿ ಮನೆಗೆ ಬಂದರು. ಡಾಕ್ಟರ ಭರವಸೆ ಹೇಗಿದೆ ಎಂದು ಕೇಳಿದೆ. ಆ ಪದವನ್ನೇ ಹೇಳುತ್ತಾರೆ ಅಂದುಕೊಂಡಿದ್ದೆ. ಎಡಗಾಲಿನ ಮೇಲೆ ಹೊದಿಕೆ ಎಳೆದುಕೊಂಡರು. ಮುಂದೆಯೂ ಅವರ ಬಾಯಲ್ಲಿ ಆ ಪದ ಕೇಳಲಿಲ್ಲ...

ನನಗೂ ಈಗ ಸಕ್ಕರೆ ಐತೆ ಅಂದಿದ್ದಾರೆ. ಹಾಗಾಗಿ ಇವತ್ತು ಮೊದಲು ಕೈಬೆರಳು ಅದ್ದಿದೆ, ಆಮೇಲೆ ಕಾಲ್ಬೆರಳು. ಎರಡಕ್ಕೂ ಒಂದೇ ಥರ ತಿಳಿಯಿತು. ಇದನ್ನು ಹೇಳಿಕೊಂಡರೆ ಮೆಚ್ಚುವ ಮನುಷ್ಯ ಪಕ್ಕದ ಮನೆಯಲ್ಲಿಲ್ಲ.

ಎಡಗಾಲನ್ನೂ ತೆಗೆಯುವ ದಿನ ನಿಗದಿಯಾಗಿತ್ತು. ಮೇಷ್ಟ್ರು ಅದಕ್ಕೆ ಮೊದಲೇ ತೀರಿಕೊಂಡರು.