ಖಾಲಿ ಕರಡಿಗೆ

ತೊಗರಿಯ ನೆಟೆ ರೋಗದ ಮೇಲೆ ಬರೆದ ಪ್ರಬಂಧಕ್ಕೆ ಪಿಎಚ್.ಡಿ. ಸಿಕ್ಕಿದ್ದು ಎಂಬತ್ತರ ದಶಕದ ಆರಂಭದಲ್ಲಿ. ಯಾವ ವರ್ಷವೆಂದು ಈಗ ಆಣೆ ಮಾಡಿ ಹೇಳಲಾರೆ. ಫೆಲೋಶಿಪ್ ಮುಗಿದಿತ್ತು, ಹಾಸ್ಟೆಲ್ ಕೋಣೆ ಬಿಡಿಸಿದ್ದರು. ನೆಲೋಗಿಯ ಮನೆಗೆ ಮರಳಿದವನಿಗೆ ಮುಂದೇನೆಂದು ತೋಚುತ್ತಿರಲಿಲ್ಲ. ಅರ್ಜಿ ಹಾಕಿದಲ್ಲೆಲ್ಲ ಮೌನ. ಕೊನೆಗೆ ಕರೆ ಬಂದದ್ದು ಆಳಂದದ ಕಡೆಯ ಒಂದು ಮಠದ ಕಾಲೇಜಿನಿಂದ. ಸಸ್ಯಶಾಸ್ತ್ರಕ್ಕೆ ಒಂದೇ ಹುದ್ದೆ.

ಹೊರಡುವ ಬೆಳಿಗ್ಗೆ ಅವ್ವ, ಇಷ್ಟಲಿಂಗವನ್ನಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ನನ್ನ ಬೆಳ್ಳಿಯ ಕರಡಿಗೆ ತಂದಳು. ಕಾಲೇಜು ಸೇರಿದಾಗಲೇ ನಾನು ಅದನ್ನು ಬಿಚ್ಚಿಟ್ಟಿದ್ದೆ. ದೇವರಿಲ್ಲವೆಂದು ವಾದಿಸಿ ಮನೆಯವರನ್ನೆಲ್ಲ ದಣಿಸಿದ್ದೆ.

“ಇವತ್ತೊಂದಿನ ಕಟ್ಕೋ ಯಪ್ಪಾ. ಕೊರಳು ಬೋಳು ಕಂಡ್ರ ಅವ್ರೇನು ತಿಳೀತಾರ?”

ಕೊರಳು ಬಗ್ಗಿಸಿದೆ. ಅಷ್ಟು ಸೋತಿದ್ದೆ.

ಸಂದರ್ಶನ ಚೆನ್ನಾಗಿಯೇ ಆಯಿತು. ತಮ್ಮ ಹೊಲದ ತೊಗರಿ ಯಾಕೆ ಒಣಗುತ್ತದೆಂದು ಕಾಲೇಜಿನ ಕಾರ್ಯದರ್ಶಿಗಳು ಕೇಳಿದರು, ನಾನು ಹೇಳುತ್ತ ಹೋದೆ, ಅವರು ತಲೆದೂಗಿದರು. “ಪ್ರಸಾದ ಮಾಡ್ಕೊಂಡೇ ಹೋಗ್ರಿ,” ಎಂದರು.

ಊಟದ ಪಂಕ್ತಿಯಲ್ಲಿ ಎಲ್ಲರೂ ವಿಭೂತಿ ಹಚ್ಚಿಕೊಂಡು, ಉಣ್ಣುವ ಮೊದಲು ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ನಾನು ಆಗಲೇ ರೊಟ್ಟಿ ಮುರಿದಿದ್ದೆ.

“ಡಾಕ್ಟರ್ ಸಾಹೇಬ್ರು ಭಾಳ ಹಸದಾರ ನೋಡ್ರಿ!” ಪಕ್ಕದ ಅಭ್ಯರ್ಥಿ ನಕ್ಕ.

ಗಡಬಡಿಸಿ ಕರಡಿಗೆಯ ಮುಚ್ಚಳ ತೆರೆದೆ. ಒಳಗೆ ಏನೂ ಇರಲಿಲ್ಲ.

ಎದುರು ಸಾಲಿನಲ್ಲಿದ್ದ ಕಾರ್ಯದರ್ಶಿಗಳು ನೋಡಿದರು. ಅವರು ಏನೇನೋ ಅಂದರೆಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಬಹುಶಃ ಅವರು ಮಾತೇ ಆಡಲಿಲ್ಲ. ಆ ಕಟುಮಾತುಗಳನ್ನು ಮರಳುವ ಬಸ್ಸಿನಲ್ಲಿ ನಾನೇ ಹೊಸೆದಿರಬೇಕು. ನೌಕರಿಯಂತೂ ಸಿಗಲಿಲ್ಲ.

ಮನೆಗೆ ಬಂದವನೇ ಚೀರಿದೆ. “ಖಾಲಿ ಯಾಕ ಕಟ್ಟಿದಿ ಯವ್ವಾ?”

“ಪೂಜಿ ಮಾಡದವ್ನ ಕೊರಳಾಗ ಲಿಂಗ ಹೆಂಗ ಕಟ್ಲೋ? ನೀ ಬಿಚ್ಚಿಟ್ಟಾಗಿಂದ ನನ್ನ ಲಿಂಗದ ಜೋಡಿ ಅದಕ್ಕೂ ನಾನೇ ಹೂವು, ಪತ್ರಿ ಏರಸಾಕತ್ತೇನಿ. ಮಂದಿ ಹೊರಗಿನ ಕರಡಿಗಿ ನೋಡ್ತಾರ ಅಂದ್ಕೊಂಡಿದ್ದೆ. ಉಣಾಕ ಕುಂದ್ರಸ್ತಾರಂತ ನಂಗೇನ್ ಗೊತ್ತು!”

ಅಫಜಲಪುರದಲ್ಲಿ ಇನ್ನೊಂದು ಹುದ್ದೆ ಖಾಲಿಯಿದೆಯೆಂದು ಕೇಳಿದ್ದೆ. ಅದೂ ಮಠದ್ದೇ. ಬೇರೆಲ್ಲೂ ಏನೂ ಉಳಿದಿರಲಿಲ್ಲ. ದಿನವಿಡೀ ಗೋಡೆ ನೋಡುತ್ತ ಕುಳಿತು, ಸಂಜೆ ಅವ್ವನ ಮುಂದೆ ನಿಂತೆ.

“ಈ ಸಲ ಲಿಂಗ ಇಟ್ಟೇ ಕಟ್ಟು ಯವ್ವಾ. ಹ್ಯಾಂಗ ಹಿಡ್ಕೋಬೇಕು, ಅದನ್ನೂ ತೋರ್ಸು.”

ಕೇಳಿದೆನೋ, ಬೇಡಿದೆನೋ. ಬೇಡಿದೆನೆಂದೇ ನೆನಪು.

“ನೌಕರಿಗಂತ ಲಿಂಗ ಕಟ್ಟಂಗಿಲ್ಲ,” ಅಂದಳು. “ಇಷ್ಟು ವರ್ಷ ನಂಬಂಗಿಲ್ಲ ಅಂದಿ. ಅಲ್ಲಿ ಹೋಗಿ ಅದನ್ನ ಹೇಳು.”

ಸಂದರ್ಶನದ ದಿನ, ಬೋಳು ಕೊರಳು ಕಾಣದಂತೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಬಸ್ಸು ಹತ್ತಿದೆ. ಜೇವರ್ಗಿ ದಾಟಿದ ಮೇಲೂ ಕೈ ಮತ್ತೆ ಮತ್ತೆ ಆ ಗುಂಡಿಗೇ ಹೋಗುತ್ತಿತ್ತು.