ಕಾಕಾ ಎನ್ನಿಸಿಕೊಂಡ ಅಪ್ಪ

ಮೊನ್ನೆ ವಾಡಿಯ ಮದುವೆಯೊಂದರಲ್ಲಿ ಬಾಗಿಲಲ್ಲಿದ್ದವನೊಬ್ಬ ನನ್ನ ಅಂಗೈಗೆ ಅತ್ತರು ಸವರಿ, “ಹಾಯ್ ಅಂಕಲ್” ಎಂದ. ಎಪ್ಪತ್ತರ ಆಸುಪಾಸಿನವನಿಗೆ ಅದು ಬಿರುದೇ ಸರಿ. ಆ ವಾಸನೆಗೆ ಸೇಡಮಿನ ನಮ್ಮ ಪಕ್ಕದ ಮನೆಯವರು ನೆನಪಾದರು... ಕಿವಿಯಲ್ಲಿ ಅತ್ತರಿನ ಹತ್ತಿ ಇಟ್ಟುಕೊಳ್ಳದೆ ಅವರು ಕಚೇರಿಯ ಮೆಟ್ಟಿಲು ಹತ್ತಿದವರಲ್ಲ.

ನಿಜಾಮರ ಆಳ್ವಿಕೆ ಮುಗಿದು ಒಂದೆರಡು ವರ್ಷವಾಗಿತ್ತು. ನಾನು ಆಗಷ್ಟೇ ಮಾಸ್ತರನಾಗಿ ಬಂದಿದ್ದೆ. ಅವರು ತಹಸೀಲಿನಲ್ಲಿ ಗುಮಾಸ್ತರು. ಹಳೆಯ ಸಾಹೇಬರಿಗೆ ಆದಾಬ್, ಮಠದ ಕಡೆಯವರಿಗೆ ಶರಣು, ನನ್ನಂಥ ಹೊಸಬರಿಗೆ ನಮಸ್ತೆ. ಯಾರಿಗೆ ಕೈ ಎಲ್ಲಿಯವರೆಗೆ ಏಳಬೇಕೆಂಬುದರಲ್ಲಿ ಅವರು ಒಮ್ಮೆಯೂ ತಪ್ಪಿದ್ದಿಲ್ಲ. ಹೊರಗೆ ಸರಕಾರ ಬದಲಾಗಿತ್ತು. ಅವರ ಮನೆಯೊಳಗಿನ ಸರಕಾರ, ಅಂದರೆ ಅವರ ಅಣ್ಣ, ಬದಲಾಗಿರಲಿಲ್ಲ.

ಕೂಡಿದ ಮನೆ. ಹಿರಿಯರ ಮುಂದೆ ಹೆತ್ತ ಮಗುವನ್ನು ಎತ್ತಿ ಆಡಿಸುವುದು ಬೇಅದಬಿ, ಮರ್ಯಾದೆಗೇಡು. ಅಣ್ಣನ ಮಕ್ಕಳು ಚಿಕ್ಕಪ್ಪನಾದ ಇವರನ್ನು ಕಾಕಾ ಎಂದರು. ಅದನ್ನೇ ಕೇಳಿ ಬೆಳೆದ ಇವರ ಒಬ್ಬಳೇ ಮಗಳೂ ಕಾಕಾ ಎಂದಳು. ಅಪ್ಪನೆಂಬ ಪದವಿ ದೊಡ್ಡಪ್ಪನಿಗೆ ಸಂದಿತ್ತು. ಯಾರೂ ಕಸಿದುಕೊಂಡದ್ದಲ್ಲ... ಹಾಗೇ ಆಗಿತ್ತು.

ಸಂಜೆ ಅವರು ಮಗಳನ್ನು ನಮ್ಮ ಕಟ್ಟೆಗೆ ಕರೆತಂದು, ಬೆಲ್ಲದ ಚೂರು ಕೊಟ್ಟು, ಅರ್ಜಿ ಸಲ್ಲಿಸುವ ದನಿಯಲ್ಲಿ, “ಒಂದ್ಸಲ ಅಪ್ಪಾ ಅನ್ನವಾ” ಎನ್ನುವರು.

“ಹುಚ್ಚ ಕಾಕಾ! ಅಪ್ಪ ಮನ್ಯಾಗ ಹಾನಲ್ಲ!” ಬೆಲ್ಲ ಬಾಯಿಗೆ ಸೇರಿದ ಮೇಲೆಯೇ ಅವಳ ತೀರ್ಪು.

“ನೋಡ್ರಿ ಮಾಸ್ತರ್, ಅರ್ಜಿ ಖಾರಿಜ್ ಆತು,” ಎಂದು ನಗುವರು. ಮರುದಿನ ಮತ್ತೆ ಬೆಲ್ಲ.

ಇದು ಹೇಗೋ ಅಣ್ಣನ ಕಿವಿಗೆ ಬಿತ್ತು. ಅವರೇನು ಕೆಟ್ಟವರಲ್ಲ. ಒಂದು ದಿನ ಪಡಸಾಲೆಯಲ್ಲಿ ನಾನೂ ಕೂತಿದ್ದಾಗ ಮಗುವನ್ನು ಕರೆದು, “ಏ ತಂಗಿ, ನಿಮ್ಮಪ್ಪ ನಾ ಅಲ್ಲ, ಅಂವ. ಕರಿ ಅವಗ,” ಎಂದರು. ಹುಡುಗಿ ಇವರ ಕಡೆ ತಿರುಗಿ, ಮನೆಯೆಲ್ಲ ಕೇಳುವಂತೆ, “ಅಪ್ಪಾ!” ಎಂದಳು.

ಅಣ್ಣನ ಎದುರು ಆ ಕರೆಗೆ ಓಗೊಡುವುದು ಅವರಿಂದಾಗಲಿಲ್ಲ. ತಲೆ ತಗ್ಗಿಸಿ, ಚಪ್ಪಲಿಯನ್ನೂ ಮೆಟ್ಟದೆ ಹೊರನಡೆದರು. ಹುಡುಗಿ ಸ್ವಲ್ಪ ಕಾದು, “ನೋಡು, ಅಂವ ಕಾಕಾನೇ,” ಎಂದಳು. ಅದೇ ಖಾಯಂ ಆಯಿತು...

ಮೊನ್ನೆಯ ಮದುವೆ ಅವಳ ಮಗನದು. ಮದುಮಗ ತನ್ನ ತಂದೆಯ ಹೆಗಲ ಮೇಲೆ ಕೈ ಹಾಕಿ, “ಪಪ್ಪಾ, ಬಾರೋ, ಫೋಟೋ!” ಎಂದ. ತಂದೆ ಹೋಗಿ ನಿಂತ. ಆಕಾಶವೇನೂ ಕಳಚಿ ಬೀಳಲಿಲ್ಲ.

ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು. “ಕಾಕಾ ಇರಬೇಕಿತ್ರಿ ಇವತ್ತ. ಒಮ್ಮೆ ಅವರಿಗಿ ಅಪ್ಪಾ ಅಂದಿದ್ದೆ, ಮಬ್ಬು ಮಬ್ಬು ನೆನಪದ. ಓ ಅನ್ಲಿಲ್ಲ.”

“ಅಂದಾರವಾ,” ಎಂದೆ. ಆ ದಿನ ಅವರ ಚಪ್ಪಲಿ ಹಿಡಿದು ಹಿಂದೆಯೇ ಹೋದವನು ನಾನು. ನಮ್ಮ ಕಟ್ಟೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಒಬ್ಬರೇ ಕೂತು, ಮೆಲ್ಲಗೆ, “ಓ... ಬಂದೆನವಾ, ಓ...” ಎನ್ನುತ್ತಿದ್ದರು.

ಅವಳು ಬಹಳ ಹೊತ್ತು ಸೀರೆಯ ಸೆರಗು ಸರಿಮಾಡಿಕೊಂಡಳು.

“ನನಗ ಕೇಳಿಸ್ಲಿಲ್ಲ ನೋಡ್ರಿ ಮಾಸ್ತರ್,” ಎಂದಳು.