ಹುರಿಯದ ಶೇಂಗಾದ ಪರಿಷ್ಕೃತ ಆವೃತ್ತಿ

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಕೈಗಾಡಿಯವನು ಬಿಸಿ ಮರಳಿನಲ್ಲಿ ಶೇಂಗಾ ಹುರಿಯುತ್ತಿದ್ದರೆ ಉಳಿದವರ ಬಾಯಲ್ಲಿ ನೀರೂರುತ್ತದೆ, ನನಗೆ ಎದೆ ಧಸಕ್ಕೆನ್ನುತ್ತದೆ. ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ಬಗಲಲ್ಲಿ ಹೊಸ ಪುಸ್ತಕದ ಕಟ್ಟಿತ್ತು, ಬಬಲೇಶ್ವರದ ಬಸ್ಸಿಗೆ ಹೊತ್ತಾಗಿತ್ತು, ಆದರೂ ಆ ಗಾಡಿಯ ಮುಂದೆ ನಿಂತುಬಿಟ್ಟೆ. ಶೇಂಗಾ ಹುರಿಯುವುದು ಎಷ್ಟು ನಿರ್ವಿವಾದವಾದ ಕೆಲಸ ನೋಡಿ. ಅದರ ದೆಸೆಯಿಂದ ಒಂದು ಪುಸ್ತಕವನ್ನು ಎರಡು ಸಲ ಬರೆಯಬೇಕಾಗಿ ಬಂದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಪುಸ್ತಕ ಶೇಂಗಾದ ಬಗ್ಗೆ ಅಲ್ಲ, ವಿಕಿ ತಂತ್ರಾಂಶದ ಬಗ್ಗೆ. ವಿಕಿ ನಿಮಗೆ ಗೊತ್ತೇ ಇದೆ: ಯಾರು ಬೇಕಾದರೂ ಬರೆಯಬಹುದಾದ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದಾದ ಅಂತರ್ಜಾಲದ ಪುಟಗಳು. ಅಂಥ ಪುಟಗಳನ್ನು ನಿಮ್ಮ ಊರಿಗೋ ಗ್ರಂಥಾಲಯಕ್ಕೋ ನೀವೇ ಕಟ್ಟಿಕೊಳ್ಳಲು ಮುಕ್ತ ತಂತ್ರಾಂಶ ಸಿಗುತ್ತದೆ. ಯಾರ ಅಪ್ಪಣೆಯೂ ಬೇಡ, ಬೇಕಿದ್ದರೆ ಅದರ ಒಳಗನ್ನೂ ಬಿಚ್ಚಿ ನೋಡಬಹುದು. ಇದಕ್ಕೆಲ್ಲ ಕನ್ನಡದಲ್ಲೊಂದು ಕೈಪಿಡಿ ಬೇಕು ಎಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ನನಗೆ ಒಂದು ದಿನ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲಿಗೇ ಬಿಟ್ಟಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದರು.

ಪ್ರಕಾಶಕರು ಮಲ್ಲಣ್ಣ. ಸಿದ್ಧೇಶ್ವರ ಗುಡಿಯ ಹತ್ತಿರ ಅವರದೊಂದು ಛಾಪಖಾನೆ ಇದೆ. ಲಗ್ನಪತ್ರಿಕೆ, ಕ್ಯಾಲೆಂಡರು, ಪಂಚಾಂಗ ಅಚ್ಚು ಹಾಕಿಯೇ ಮೂರು ಅಂತಸ್ತಿನ ಮನೆ ಕಟ್ಟಿಸಿದವರು. ನನ್ನ ಹಸ್ತಪ್ರತಿಯನ್ನು ಕೈಯಲ್ಲಿ ತೂಗಿ ನೋಡಿ, "ಇದ್ರಾಗ ಮುಹೂರ್ತ ಎಲ್ಲೂ ಇಲ್ಲೇನ್ರಿ ಸರ?" ಎಂದು ಕೇಳಿದರು. ಇಲ್ಲ ಎಂದೆ. ಅವರಿಗೆ ನನ್ನ ಮೇಲೆ ಮರುಕ ಬಂದಿತೆಂದು ಕಾಣುತ್ತದೆ, ಅಚ್ಚು ಹಾಕಲು ಒಪ್ಪಿಕೊಂಡರು.

ಇನ್ನು ಗೌರತ್ತಿ. ನಮ್ಮಪ್ಪನ ತಂಗಿ, ಬಬಲೇಶ್ವರಕ್ಕೆ ಕೊಟ್ಟದ್ದು. ಆ ಭಾಗದಲ್ಲಿ ಯಾರ ಮನೆಯಲ್ಲಿ ಶುಭಕಾರ್ಯ ನಡೆದರೂ ಶೇಂಗಾ ಹೋಳಿಗೆಗೆ ಗೌರವ್ವನೇ ಬರಬೇಕು. ಇದು ದುಡಿಮೆಯಲ್ಲ, ಮರ್ಯಾದೆ. ಮನೆಯ ಹಿರಿಯ ಹೆಂಗಸು ಕುಂಕುಮ ಹಚ್ಚಿ ಕರೆಯಬೇಕು, ಅತ್ತಿ ತನ್ನ ಲಟ್ಟಣಿಗೆಯನ್ನು ತಾನೇ ಸೆರಗಿನಲ್ಲಿ ಸುತ್ತಿಕೊಂಡು ಹೋಗಬೇಕು, ಒಲೆಯ ಮುಂದೆ ಆಕೆ ಕೂತ ಮೇಲೆ ಉಳಿದವರು ಬಾಯಿ ಮುಚ್ಚಿಕೊಳ್ಳಬೇಕು. ತಾಯಿಯಿಲ್ಲದ ನನ್ನನ್ನು ರಜೆಯಲ್ಲೆಲ್ಲ ಇಟ್ಟುಕೊಂಡು ಸಾಕಿದಾಕೆ ಅವಳು. ಹಾಗಾಗಿ ಕೈಪಿಡಿಯ ನಾಲ್ಕನೆಯ ಪಾಠದಲ್ಲಿ ಮಾದರಿಗೆಂದು ಒಂದು ಪುಟ ಬೇಕಾದಾಗ ನಾನು ಬೇರೆ ಯೋಚನೆಯನ್ನೇ ಮಾಡಲಿಲ್ಲ. "ಬಬಲೇಶ್ವರದ ಗೌರವ್ವನವರ ಶೇಂಗಾ ಹೋಳಿಗೆ" ಎಂದು ತಲೆಬರಹ ಕೊಟ್ಟು, ಮಾಡುವ ಬಗೆ ಬರೆದೆ.

ಐದನೆಯ ಪಾಠ ತಿದ್ದುವುದರ ಕುರಿತು. ತಿದ್ದಬೇಕೆಂದರೆ ತಪ್ಪಿರಬೇಕಲ್ಲ? ಆದ್ದರಿಂದ ನಾಲ್ಕರಲ್ಲಿ ಬೇಕೆಂದೇ ಒಂದು ತಪ್ಪು ಸೇರಿಸಿದ್ದೆ: "ಶೇಂಗಾವನ್ನು ಹುರಿಯಬಾರದು, ಹಸಿಯದನ್ನೇ ಕುಟ್ಟಬೇಕು." ನಮ್ಮ ಜಿಲ್ಲೆಯಲ್ಲಿ ಇದನ್ನು ಓದಿ ನಗದವರು ಯಾರು, ಓದಿದವರೆಲ್ಲ ಪೆನ್ನು ಹಿಡಿದು ಐದನೆಯ ಪಾಠಕ್ಕೆ ಓಡಿ ಬರುತ್ತಾರೆ ಎಂದುಕೊಂಡೆ. ಯಾರೂ ಓಡಿ ಬರಲಿಲ್ಲ. ಐದನೆಯ ಪಾಠದ ಮೊದಲ ವಾಕ್ಯ "ಪರಿಷ್ಕರಣೆಗಳ ತುಲನಾತ್ಮಕ ಅವಲೋಕನದ ಪೂರ್ವಭಾವಿಯಾಗಿ" ಎಂದು ಶುರುವಾಗುತ್ತಿತ್ತು. ಅದನ್ನು ದಾಟಿದ ಜೀವ ಇವತ್ತಿನವರೆಗೂ ನನಗೆ ಸಿಕ್ಕಿಲ್ಲ.

ತಿಕೋಟಾದ ಗ್ರಂಥಾಲಯದಲ್ಲಿ ಈ ಪುಸ್ತಕ ಹಿಡಿದು ಊರ ವಿಕಿಯೊಂದನ್ನು ಕಟ್ಟಿದರು. ಗ್ರಂಥಪಾಲಕಿ ಶಿವಲೀಲಾ ಬಹಳ ಶ್ರದ್ಧೆಯವಳು. ನಾಲ್ಕನೆಯ ಪಾಠವನ್ನು ಚುಕ್ಕೆ ಸಮೇತ ಹಾಗೇ ಟೈಪು ಮಾಡಿಸಿದಳು. ಕೆಲವೇ ದಿನಗಳಲ್ಲಿ ಆ ಪುಟ ಮೊಬೈಲಿನಿಂದ ಮೊಬೈಲಿಗೆ ಹಾರಿ ಕನಮಡಿಯವರೆಗೂ ಹೋಯಿತು. ಹಸಿ ಶೇಂಗಾ ಎಂದು ಓದಿದಾಗ ಹೆಂಗಸರಿಗೆ ಸಂಶಯ ಬರಲಿಲ್ಲವೆಂದಲ್ಲ. ಬಂತು. ಆದರೆ ಮೇಲೆ ಗೌರವ್ವನ ಹೆಸರಿತ್ತು. "ಗೌರವ್ವ ಹೇಳ್ಯಾಳಂದ್ರ ಅದ್ರಾಗ ಏನರೆ ಗುಟ್ಟ ಇರ್ತೈತಿ ಬೇ" ಎಂದುಕೊಂಡು ಹಸಿ ಶೇಂಗಾ ಕುಟ್ಟಿದರು. ತಿಕೋಟಾದ ಒಂದು ನಿಶ್ಚಯದಲ್ಲಿ ಬೀಗರ ಎಲೆಗೆ ಅದೇ ಹೋಳಿಗೆ ಬಿತ್ತು. ಬೀಗರು ಒಂದು ತುತ್ತು ಮುರಿದು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಎಲೆ ಮಡಚಿದರಂತೆ.

ನಿಶ್ಚಯ ಮುರಿಯಲಿಲ್ಲ. ಮುರಿದದ್ದು ಅತ್ತಿಯ ಹೆಸರು. ಕರೆಯುವವರು ಕರೆದರು, ಆದರೆ ಒಲೆಯ ಪಕ್ಕ ಯಾರಾದರೊಬ್ಬರು ಬಂದು ನಿಲ್ಲತೊಡಗಿದರು. ಒಂದು ಮನೆಯಲ್ಲಿ ನಿನ್ನೆ ಮೊನ್ನೆ ಬಂದ ಸೊಸೆಯೊಬ್ಬಳು, "ಅತ್ತೀ, ಶೇಂಗಾ ಹುರದೀರಿ ಹೌದಿಲ್ರಿ?" ಎಂದು ಕೇಳಿಬಿಟ್ಟಳು. ಅತ್ತಿ ಕೈತೊಳೆದುಕೊಂಡು ಎದ್ದು ಬಂದವಳು ಮತ್ತೆ ಯಾರ ಮನೆಗೂ ಹೋಗಲಿಲ್ಲ. ನನ್ನೊಡನೆ ಮಾತೂ ಬಿಟ್ಟಳು.

ನಾನು ಸುಮ್ಮನೆ ಕೂಡುವವನಲ್ಲ. ತಕ್ಷಣ ತಿಕೋಟಾ ವಿಕಿಗೆ ಹೋಗಿ "ಶೇಂಗಾ ಹುರಿಯಬೇಕು" ಎಂದು ತಿದ್ದಿದೆ. ಚಹಾ ಕುಡಿದು ಬಂದು ನೋಡುವಷ್ಟರಲ್ಲಿ ಅದು ಮತ್ತೆ ಹಸಿಯಾಗಿತ್ತು. ಶಿವಲೀಲಾಗೆ ಫೋನು ಮಾಡಿದೆ.

"ಆಧಾರ ಕೊಟ್ಟಿಲ್ರಿ ಸರ ನೀವು," ಎಂದಳು. "ಛಾಪಿಸಿದ ಪುಸ್ತಕದ ಆಧಾರ ಇಲ್ಲದ ತಿದ್ದಿದ್ರ ತಗದ ಹಾಕ್ರಿ ಅಂತ ಏಳನೇ ಪಾಠದಾಗ ಐತ್ರಿ."

ಐದನ್ನು ಬಿಟ್ಟು ಏಳನ್ನು ಓದಿದ್ದಳು ಪುಣ್ಯಾತ್ಗಿತ್ತಿ.

"ಆ ಪುಸ್ತಕ ಬರದಾಂವ ನಾನ ಅಲ್ಲೇನವಾ?"

"ಹೌದ್ರಿ ಸರ. ಅದಕ್ಕ ಪುಸ್ತಕ ನಂಬಬೇಕಾಗೇತ್ರಿ."

ಇದಕ್ಕೆ ಏನು ಹೇಳುತ್ತೀರಿ? ನನ್ನ ಮಾತಿಗೆ ಎದುರು ಸಾಕ್ಷಿಯಾಗಿ ನನ್ನ ಪುಸ್ತಕವೇ ನಿಂತಿತ್ತು, ಮತ್ತು ನಾನು ಕಲಿಸಿದ ನಿಯಮದ ಪ್ರಕಾರ ಅದರದೇ ಗೆಲುವು. ಉಳಿದ ದಾರಿ ಒಂದೇ, ಪುಸ್ತಕವನ್ನೇ ಪರಿಷ್ಕರಿಸುವುದು.

ಮಲ್ಲಣ್ಣನಿಗೆ ಇದು ಸರಿಬರಲಿಲ್ಲ. ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋದರೆ ಅವರು ರಬ್ಬರ್ ಠಸ್ಸೆ ಹೊಡೆದು ಸರಿಮಾಡುತ್ತಾರೆ. "ಹುರಿಯಬೇಕು ಅಂತ ಒಂದ ಠಸ್ಸೆ ಮಾಡಸ್ತೀನ್ರಿ, ಉಳದ ಪ್ರತಿಗೆಲ್ಲಾ ಹೊಡದ ಬಿಡೂಣು," ಎಂದರು. ಮಾರಿಹೋದ ಪ್ರತಿಗಳ ಮನೆಮನೆಗೆ ಠಸ್ಸೆ ಹಿಡಿದು ಯಾರು ಹೋಗುವುದು? ಆಮೇಲೆ ನಾನು ತಂತ್ರಾಂಶವೇ ಬದಲಾಗಿದೆ ಎಂಬುದನ್ನು ತಿಳಿಸಿದೆ. ಅದು ಸುಳ್ಳೂ ಆಗಿರಲಿಲ್ಲ. ಪರದೆಯಲ್ಲಿ ಬಲಕ್ಕಿದ್ದ ಗುಂಡಿ ಎಡಕ್ಕೆ ಬಂದಿತ್ತು, ಮೊದಲು ಚಿಹ್ನೆ ಹಾಕಿ ಬರೆಯಬೇಕಿದ್ದದ್ದನ್ನು ಈಗ ಸೀದಾ ಬರೆಯಬಹುದಿತ್ತು, ಕೆಲವು ಪಾಠಗಳು ಇಲ್ಲದ ಗುಂಡಿಯನ್ನು ಒತ್ತಿರಿ ಎನ್ನುತ್ತಿದ್ದವು. ಮಲ್ಲಣ್ಣನ ಮುಖ ಅರಳಿತು. "ಅಂದ್ರ ಇದು ಪಂಚಾಂಗದಂಗ ಅನ್ರಿ. ವರ್ಷಾ ಹಳೇದಾಗೂ ಮಾಲು!" ತಂತ್ರಾಂಶದ ಪುಸ್ತಕವನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಪ್ರಕಾಶಕರು ಬೇರೆ ಕಡೆ ಇದ್ದಾರೋ ಇಲ್ಲವೋ ಕಾಣೆ.

ಬರೆಯುತ್ತಿದ್ದಷ್ಟು ಕಾಲವೂ ಆಗಾಗ ಬಬಲೇಶ್ವರಕ್ಕೆ ಹೋದೆ. ಅತ್ತಿ ಬಾಗಿಲು ಹಾಕಲಿಲ್ಲ, ಹಾಕಿದ್ದರೆ ಜಗಳವಾದರೂ ಆಡಬಹುದಿತ್ತು. ನೀರು ಕೊಟ್ಟಳು, ಚಹಾ ಕೊಟ್ಟಳು, ಊಟಕ್ಕೆ ಮಾತ್ರ ಏಳು ಎನ್ನಲಿಲ್ಲ. ಮಾತೆಲ್ಲ ಸೊಸೆ ಸಾವಿತ್ರಿಯ ಮೂಲಕ. "ಬಸ್ಸಿಗೆ ಹೊತ್ತಾಗೇತೇನ ಕೇಳ ಬೇ ಅವಂಗ," ಎನ್ನುವಳು, ನಾನು ಎದುರಿಗೇ ಕೂತಿರುತ್ತಿದ್ದೆ. ತಪ್ಪು ನನ್ನದಲ್ಲ, ಮುಂದಿನ ಪಾಠ ಓದದವರದು ಎಂದು ಊರಿಗೆಲ್ಲ ವಾದಿಸಿ ಗೆಲ್ಲುತ್ತಿದ್ದ ನನಗೆ ಆ ಪಡಸಾಲೆಯಲ್ಲಿ ಬಾಯಿ ಏಳುತ್ತಿರಲಿಲ್ಲ. ಅವಳ ಒಂದು ಬೈಗುಳಕ್ಕಾಗಿ ನಾನು ಹಂಬಲಿಸಿದ್ದು ನಿಜ.

ಇವತ್ತು ಬಸ್ಸು ಮಧ್ಯಾಹ್ನದ ಹೊತ್ತಿಗೆ ಬಬಲೇಶ್ವರ ಮುಟ್ಟಿತು. ಅತ್ತಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾನು ಹೊಸ ಪುಸ್ತಕವನ್ನು ಸಾವಿತ್ರಿಯ ಕೈಗೆ ಕೊಟ್ಟೆ. ಆಕೆ ನಾಲ್ಕನೆಯ ಪಾಠ ತೆಗೆದು ಗಟ್ಟಿಯಾಗಿ ಓದಿದಳು: "ಶೇಂಗಾವನ್ನು ಸಣ್ಣ ಉರಿಯಲ್ಲಿ ಹದವಾಗಿ ಹುರಿದು, ಸಿಪ್ಪೆ ತೆಗೆದು, ಕುಟ್ಟಬೇಕು. ಗೌರವ್ವನವರು ಎಂದಿನಿಂದಲೂ ಮಾಡುತ್ತ ಬಂದದ್ದು ಹೀಗೆಯೇ." ಮೊರ ಒಂದು ಕ್ಷಣ ನಿಂತಿತು. ಮತ್ತೆ ಆಡಿತು.

ಸಾವಿತ್ರಿ ಹಾಳೆ ತಿರುವಿದಳು. ತಪ್ಪಿಲ್ಲದೆ ತಿದ್ದುವ ಪಾಠ ನಡೆಯದು. ಈ ಸಲ ಬೇರೆಯವರ ಹೆಸರಿಗೆ ಕೈ ಹಾಕುವ ಧೈರ್ಯವಿಲ್ಲದೆ ಅಭ್ಯಾಸದ ಪುಟವನ್ನು ನನ್ನ ಮೇಲೆಯೇ ಬರೆದುಕೊಂಡಿದ್ದೆ. ಅವಳು ಓದುತ್ತ ಹೋದಳು: "ಈ ಕೆಳಗೆ ಒಂದು ತಪ್ಪಿದೆ, ತಿದ್ದಿರಿ. ಪುಸ್ತಕದ ಲೇಖಕರು ವಿಜಯಪುರದಲ್ಲಿ ಇರುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಬಬಲೇಶ್ವರದಲ್ಲಿ ಅವರಿಗೆ ತಮ್ಮವರು ಎನ್ನುವವರು ಯಾರೂ ಇಲ್ಲ."

ಅತ್ತಿ ಮೊರ ಕೆಳಗಿಟ್ಟಳು.

"ಯಾಕಲೇ, ನಾ ಸತ್ತೇನೇನು?"

ಸಾವಿತ್ರಿಗಲ್ಲ, ನನಗೇ ಕೇಳಿದಳು.

"ಅದು ತಪ್ಪು ಅತ್ತಿ. ಬೇಕಂತ ಬರದೀನಿ. ಓದಿದವ್ರು ತಿದ್ದಲಿ ಅಂತ."

"ಮತ್ತ ಮುಂದಿನ ಪಾಠ ಯಾರೂ ಓದಲಿಲ್ಲಂದ್ರ? ನಿನಗ ಯಾರೂ ಇಲ್ಲಂತನ ಮಂದಿ ತಿಳೀಬೇಕೇನ?"

ಅತ್ತಿ ನನ್ನೊಡನೆ ಮಾತಾಡಿದ್ದಳು, ನನಗೆ ಅದೇ ಸಂತೋಷ. ಕರಡು ಓದಲು ಕೊಟ್ಟಿದ್ದ ಶಿವಲೀಲಾ ಈ ಪುಟವನ್ನಾಗಲೇ ತಿಕೋಟಾ ವಿಕಿಗೆ ಏರಿಸಿದ್ದಾಳೆಂದು ಮಾತ್ರ ಮೆಲ್ಲಗೆ ಹೇಳಿದೆ. ಅತ್ತಿ ಹಣೆ ಚಚ್ಚಿಕೊಂಡಳು.

"ತಗಿ ಬೇ ಸಾವಿತ್ರಿ, ಆ ಫೋನ್ ತಗಿ. ನಾ ಹೇಳ್ತೀನಿ, ನೀ ತಿದ್ದು. ಅವಂಗ ಬಬಲೇಶ್ವರದಾಗ ಅತ್ತಿ ಅದಾಳ ಅಂತ ಬರಿ. ಸಣ್ಣಾಂವ ಇದ್ದಾಗಿಂದ ಆಕೀನ ಜ್ವಾಪಾನ ಮಾಡ್ಯಾಳ ಅಂತ ಬರಿ. ಸಿಟ್ಟಿನಾಕಿ ಅಂತನೂ ಬರಿ, ಇರಲಿ. ಇವತ್ತ ಅವನ ಊಟ ಇಲ್ಲೇ ಅಂತ ಬರಿ."

ಸಾವಿತ್ರಿ ಒತ್ತಕ್ಷರಗಳಿಗೆ ತಡಕಾಡುತ್ತ ಎಲ್ಲವನ್ನೂ ಟೈಪು ಮಾಡಿದಳು. ಉಳಿಸುವ ಮುಂಚೆ, ಬರೆದವನು ನಾನೆಂಬ ಮರ್ಯಾದೆಗೆ, ಒಮ್ಮೆ ನೋಡಲು ಫೋನನ್ನು ನನ್ನ ಕಡೆ ಹಿಡಿದಳು. ಅತ್ತಿ ಆಗಲೇ ಎದ್ದು ಎರಡು ತಾಟು ಹಾಕುತ್ತಿದ್ದಳು. ನಾನು ಕಣ್ಣೊರೆಸಿಕೊಂಡು ಎರಡು ಸಲ ಓದಿದೆ. ತಿದ್ದುವಂಥದ್ದು ಏನೂ ಇರಲಿಲ್ಲ.